ದ್ವೀಪದ ಹೆಮ್ಮಾರಿ ಮನೆಗೆ ಹೋದ ಸುದ್ದಿ

ಮೂಡುಬಿದಿರೆ
10-7-2025

ಪ್ರೀತಿಯ ಹಫ್ಸ,

ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ಪೋಸ್ಟಿನ ಮುಂಡಪ್ಪಣ್ಣನ ಹತ್ತಿರ ಇನ್‌ಲ್ಯಾಂಡ್ ಕೇಳಿದ್ದಕ್ಕೆ ಅವರೂ ಮೊದಲು ಕೇಳಿದ್ದು ಅದನ್ನೇ: "ಯಾರಿಗೆ ಎಂತ ಆಯ್ತು ಅಕ್ಕಾ?"

ವಿಷಯ ಇಷ್ಟೆ. ನಿನ್ನೆಯಿಂದ ಚಾತುರ್ಮಾಸ. ಬಸದಿಯಲ್ಲಿ ಮುನಿ ಮಹಾರಾಜರ ಎದುರು ಹೆಂಗಸರೆಲ್ಲ ಒಂದೊಂದು ನಿಯಮ ಹಿಡಿದರು. ಒಬ್ಬಳು ಸಿಹಿ ಬಿಟ್ಟಳು, ಒಬ್ಬಳು ಹಾಲು ಬಿಟ್ಟಳು. ನನ್ನ ಸರದಿ ಬಂದಾಗ ಎಲ್ಲಿಯದೋ ಧೈರ್ಯ ಬಂದು, "ಕಾರ್ತಿಕ ಹುಣ್ಣಿಮೆಯವರೆಗೆ ಮೊಬೈಲ್ ಮುಟ್ಟುವುದಿಲ್ಲ" ಅಂದುಬಿಟ್ಟೆ. ಮುನಿಗಳು ನಕ್ಕು, "ಟಿವಿ?" ಅಂತ ಕೇಳಿದರು. ಅಷ್ಟು ಜನರ ಎದುರು ಅದು ಬೇಕು ಅನ್ನುವುದು ಹೇಗೆ ಮಾರಾಯ್ತಿ? ಅದೂ ಹೋಯಿತು. ಈ ನಾಲ್ಕು ತಿಂಗಳು ಊರ ಗಡಿ ದಾಟುವುದಿಲ್ಲ ಅಂತ ಪ್ರತಿ ವರ್ಷದ ಹಾಗೆ ಈ ವರ್ಷವೂ ಉಂಟು. ಹಾಗಾಗಿ ಬಂಟ್ವಾಳಕ್ಕೆ ಬಂದು ನಿನ್ನ ಮನೆ ಜಗಲಿಯಲ್ಲಿ ಕೂತುಕೊಳ್ಳುವ ಹಾಗೂ ಇಲ್ಲ, ಫೋನಿನಲ್ಲಿ ಹರಟುವ ಹಾಗೂ ಇಲ್ಲ. ಉಳಿದದ್ದು ಈ ನೀಲಿ ಕಾಗದ.

ಈಗ ಮುಖ್ಯ ಮಾತು. ನಿಯಮಕ್ಕೆ ಹೋಗುವ ಮೊದಲು ನಾನು ಕಡೆಯದಾಗಿ ಟಿವಿಯಲ್ಲಿ ನೋಡಿದ್ದು ನಿನ್ನ ಅಳಿಯ ಕೆಲಸಕ್ಕಿರುವ ಆ ಮಿರಾಂಬ ದ್ವೀಪದ ಅಧ್ಯಕ್ಷೆಯನ್ನು. ಅಡೆಲಾ ಮೊಂಬೆ ಅಂತಲ್ವಾ ಹೆಸರು? ಬಿಳಿ ಬಟ್ಟೆ ಹಾಕಿ ಜೀಪಿನ ಮೇಲೆ ನಿಂತು ಕೈ ಎತ್ತಿದ್ದಾಳೆ, ಹಿಂದೆ ಆಕಾಶದವರೆಗೆ ಬೆಂಕಿ. "ದ್ವೀಪದ ಹೆಮ್ಮಾರಿ" ಅಂತ ಕೆಂಪು ಅಕ್ಷರದಲ್ಲಿ ಹಾಕಿದ್ದರು. ಆ ವಿಡಿಯೋ ನಿನಗೂ ಕಳಿಸಿಯೇ ಮೊಬೈಲ್ ಬಂದ್ ಮಾಡಿದ್ದು.

ಸಬೀಹಾಳನ್ನು ಅಲ್ಲಿಗೆ ಕಳಿಸಬೇಡ ಹಫ್ಸ. ನಿನ್ನ ಮಗಳಾದರೂ ನಾನು ಎತ್ತಿ ಆಡಿಸಿದ ಮಗು, ಅದಕ್ಕೆ ಹೇಳ್ತೇನೆ.

ನಿನ್ನ
ತ್ರಿಶಲಾ


ಬಂಟ್ವಾಳ
19-7-2025

ತ್ರಿಶಲಾ,

ಅಲ್ಲಾಹನ ಕರುಣೆಯಿಂದ ಇಲ್ಲಿ ಎಲ್ಲರ ಆರೋಗ್ಯ ಒಳ್ಳೆಯದುಂಟು, ಮನಸ್ಸಿನದ್ದು ಮಾತ್ರ ಕೇಳಬೇಡ. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಉಂಟು ಅಂತ ಶಾಲೆಯಲ್ಲಿ ನಗುತ್ತಿದ್ದಿಯಲ್ಲ, ಈಗ ನಾಲ್ಕು ತಿಂಗಳು ಓದು.

ನೀನು ಕಳಿಸಿದ ವಿಡಿಯೋ ನನಗೆ ಬರುವ ಮೊದಲೇ ಊರಿಗೆಲ್ಲ ಬಂದಿತ್ತು. ಬಿ.ಸಿ.ರೋಡಿನ ನಮ್ಮ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳಿಗೆ ಅಂತ ಇವರು ಟಿವಿ ಹಾಕಿ ಇಡುವುದು ನಿನಗೆ ಗೊತ್ತುಂಟಲ್ಲ. ದಿನಕ್ಕೆ ಹತ್ತು ಸಲ ಅದೇ ಜೀಪು, ಅದೇ ಬೆಂಕಿ, ಅದೇ ಡಬಡಬ ಸಂಗೀತ. ಪಕ್ಕದ ಚಾ ಹೋಟೆಲಿನ ಲೋಕಯ್ಯಣ್ಣ ಬಂದು, "ಮೂಸಾಕಾ, ನಿಮ್ಮ ಅಳಿಯನಿಗೆ ಬೇಗ ಹೊರಡಲಿಕ್ಕೆ ಹೇಳಿ, ಆ ಹೆಂಗಸು ಹಸಿಯಾಗಿ ತಿಂದಾಳು" ಅಂತ ಹೇಳಿ ಹೋದರಂತೆ. ಇವರು ಮನೆಗೆ ಬಂದವರೇ ಸಬೀಹಾಳ ಪಾಸ್‌ಪೋರ್ಟ್ ಕಪಾಟಿನಲ್ಲಿ ಹಾಕಿ ಬೀಗ ಹಾಕಿದರು.

ಮರುದಿನ ಬೆಳ್ತಂಗಡಿಯಿಂದ ಬೀಯಮ್ಮನವರ ಫೋನ್. ಮದುಮಗನ ಉಮ್ಮ ಅಲ್ವಾ, ಸೊಸೆ ಯಾವಾಗ ಮಗನ ಹತ್ತಿರ ಹೋಗ್ತಾಳೆ ಅಂತ ನಿಕಾಹ್ ಆದಂದಿನಿಂದ ಕೇಳುತ್ತಿದ್ದವರು ಅವರೇ. ಈಗ, "ಅಲ್ಲಿಗೆ ಯಾಕೆ ಹೆಣ್ಣುಮಗಳು, ನನ್ನ ಮಗನೇ ವಾಪಸು ಬರಲಿ" ಅಂತ ಅಳು. ಫಯಾಝ್ ಅಲ್ಲಿ ಮೀನಿನ ಕಂಪೆನಿಯಲ್ಲಿ ಐಸ್ ಪ್ಲಾಂಟಿನ ಮೆಕ್ಯಾನಿಕ್. ಒಳ್ಳೆಯ ಕೆಲಸ, ಮನೆಯೂ ಮಾಡಿಟ್ಟಿದ್ದಾನೆ. "ಇಲ್ಲಿ ಎಂತದೂ ಇಲ್ಲ, ಕಳಿಸಿ" ಅಂತಾನೆ. "ಅಲ್ಲಿರುವವ ಹಾಗೆಯೇ ಹೇಳುವುದು" ಅಂತ ಇವರು.

ಸಬೀಹಾ ಹೋಗುವುದಕ್ಕೆ ಅಂತಲೇ ಮಾಣಿಯ ಶಾಲೆಯ ಟೀಚರ್ ಕೆಲಸ ಬಿಟ್ಟವಳು. ಕಟ್ಟಿದ ಪೆಟ್ಟಿಗೆ ಮಂಚದ ಅಡಿಯಲ್ಲಿ ಉಂಟು. ನಮ್ಮ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನೆ ಒಂದೇ ಮಾತು ಆಡಿದಳು: "ಉಮ್ಮಾ, ಬೊಬ್ಬೆ ಹೊಡೆದು ಹೇಳುವವನನ್ನು ನೀವೆಲ್ಲ ನಂಬ್ತೀರಿ. ಅಲ್ಲಿಂದ ಮೆಲ್ಲ ಹೇಳುವವ ನನ್ನ ಗಂಡ, ಅವನನ್ನು ನಂಬುವುದಿಲ್ಲ."

ಎರಡು ರಕಅತ್ ಇಸ್ತಿಖಾರ ನಮಾಝ್ ಮಾಡಿ, ಯಾವುದು ಒಳ್ಳೆಯದೋ ಆ ದಾರಿ ತೋರಿಸು ಅಂತ ರಬ್ಬನಲ್ಲಿ ಬೇಡಿ ಮಲಗಿದೆ. ಕನಸು ಬಿದ್ದೀತು ಅಂತ ಕಾದದ್ದು. ಎಂತ ಬೀಳುವುದು, ಒಳ್ಳೆಯ ನಿದ್ದೆ ಬಿತ್ತು.

ಕಳಿಸಲೂ ಆಗುವುದಿಲ್ಲ, ಇಟ್ಟುಕೊಳ್ಳಲೂ ಆಗುವುದಿಲ್ಲ. ಮಗಳ ಬದುಕು ಯಾರೋ ಕಾಣದ ಹೆಂಗಸಿನ ಕೈಯಲ್ಲಿ ಸಿಕ್ಕಿದ ಹಾಗೆ ಆಗಿದೆ.

ಹಫ್ಸ


ಮೂಡುಬಿದಿರೆ
2-8-2025

ಹಫ್ಸ,

ಮೂಸಾಕ ಮಾಡಿದ್ದೇ ಸರಿ. ಮಾತು ಬಿಟ್ಟ ಮಗಳು ಮನೆಯಲ್ಲಿ ಇದ್ದಾಳೆ, ಅದು ಸಾಕು.

ನನಗೆ ಆ ಹೆಂಗಸು ಕಣ್ಣಿನಿಂದ ಹೋಗುವುದೇ ಇಲ್ಲ. ಜಪಕ್ಕೆ ಕೂತರೆ ಮಣಿ ಮಣಿಗೂ ಜೀಪು. ಕಡೆಗೆ ನೋಡಿದ್ದು ಅದನ್ನೇ ಅಲ್ವಾ, ಅದರ ಮೇಲೆ ಬೇರೆ ಚಿತ್ರ ಬೀಳಲಿಲ್ಲ.

ನಮ್ಮ ಮನೆಯ ತಮಾಷೆ ಕೇಳು. ನನ್ನ ನಿಯಮ ಮುರಿಯಬಾರದು ಅಂತ ಇವರು ಕಿವಿಗೆ ವಯರು ಸಿಕ್ಕಿಸಿಕೊಂಡು ಟಿವಿ ನೋಡ್ತಾರೆ. ನಾನು ಅಡುಗೆಮನೆಯಲ್ಲಿ. ಅಲ್ಲಿಂದ ಕೇಳುವುದು ಇವರ ದನಿ ಮಾತ್ರ: "ಛೆ!", "ಹಾಗಾದರೆ ಆಯ್ತು!", "ಓ ದೇವರೇ!" ಯಾರು ಸತ್ತರು, ಯಾರು ಗೆದ್ದರು, ದೇವರಿಗೇ ಗೊತ್ತು. ಮೊನ್ನೆ ಅಷ್ಟು ಜೋರು "ಅಯ್ಯಯ್ಯೋ" ಅಂದರು, ನಾನು ಸೌಟು ಹಿಡಿದುಕೊಂಡೇ ಓಡಿ ಬಂದೆ. ಕ್ರಿಕೆಟ್ ಅಂತೆ.

ಸೂರ್ಯ ಇಳಿಯುವ ಮೊದಲು ಊಟ ಮುಗಿಸಬೇಕು, ನಿಲ್ಲಿಸ್ತೇನೆ. ರಂಝಾನಿನಲ್ಲಿ ನಾನು ಊಟ ಮುಗಿಸುವ ಹೊತ್ತಿಗೆ ನೀನು ಸುರು ಮಾಡುವುದು. ಒಂದೇ ಪಂಕ್ತಿಯಲ್ಲಿ ಕೂರಲಿಕ್ಕೆ ನಮಗೆ ಸೂರ್ಯ ಬಿಡುವುದಿಲ್ಲ ಅಂತ ನೀನು ಹೇಳಿದ್ದು ನೆನಪಾಗಿ ನಗು ಬಂತು.

ನಿನ್ನ
ತ್ರಿಶಲಾ


ಬಂಟ್ವಾಳ
8-9-2025

ಪ್ರೀತಿಯ ತ್ರಿಶಲಾ,

ತಡವಾಯಿತು. ಮೀಲಾದಿನ ಗಡಿಬಿಡಿ, ಮೇಲಿಂದ ಸಂತೋಷದ ಗಡಿಬಿಡಿ. ಸಬೀಹಾ ಹೋಗ್ತಾಳೆ! 28ಕ್ಕೆ ಬಜ್ಪೆಯಿಂದ ವಿಮಾನ. ಇವರೇ ಬೀಗ ತೆಗೆದು ಪಾಸ್‌ಪೋರ್ಟ್ ಕೊಟ್ಟರು.

ನಿನಗೆ ಗೊತ್ತಿಲ್ಲದೆ ಜಗತ್ತೇ ಬದಲಾಗಿದೆ ಮಾರಾಯ್ತಿ. ಆ ಅಡೆಲಾ ಮೊಂಬೆ ಎಷ್ಟು ಒಳ್ಳೆಯ ಹೆಂಗಸು ಗೊತ್ತುಂಟಾ! ನಮ್ಮ ದೇಶಕ್ಕೆ ಬಂದಿದ್ದಳು. ಅವಳ ದ್ವೀಪದ ಬಂದರನ್ನು ನಾವು ಕಟ್ಟಿ ಕೊಡುವುದು ಅಂತ ಒಪ್ಪಂದ ಆಯಿತಂತೆ. ಸೀರೆ ಉಟ್ಟಿದ್ದಳು. ಇಡ್ಲಿಯನ್ನು ಕೈಯಲ್ಲೇ ತಿಂದಳು, ಅದನ್ನು ಒಂದು ಇಡೀ ದಿನ ತೋರಿಸಿದರು. ಈಗ ಅವಳಿಗೆ "ಕಡಲ ಸಹೋದರಿ" ಅಂತ ಹೆಸರು. ಅದೇ ಜೀಪಿನ ಚಿತ್ರವನ್ನು ತಿರುಗಿ ಹಾಕ್ತಾರೆ, ಈಗ ಕೊಳಲಿನ ಸಂಗೀತ. ಹಾಗೆ ನೋಡುವಾಗ ಕೈ ಎತ್ತಿದ್ದು ಆಶೀರ್ವಾದ ಮಾಡಿದ ಹಾಗೆಯೇ ಕಾಣ್ತದೆ. ಬಡವರ ಮನೆಯಲ್ಲಿ ಹುಟ್ಟಿದವಳಂತೆ, ತಂದೆ ದೋಣಿಗೆ ಹುಟ್ಟು ಹಾಕುತ್ತಿದ್ದರಂತೆ.

ಲೋಕಯ್ಯಣ್ಣ ಅಂಗಡಿಗೆ ಬಂದು, "ಮೂಸಾಕಾ, ಅಂಥ ಒಬ್ಬಳು ನಮ್ಮಲ್ಲಿ ಇದ್ದಿದ್ದರೆ!" ಅಂದರಂತೆ. ಬೀಯಮ್ಮನವರು ದಿನಕ್ಕೆ ಎರಡು ಸಲ ಫೋನ್: "ಇನ್ನೂ ಟಿಕೆಟ್ ಮಾಡಲಿಲ್ಲವಾ? ನನ್ನ ಮಗ ಹೋಟೆಲಿನ ಅನ್ನ ತಿಂದು ಸೊರಗಿದ್ದಾನೆ." ಆಗ ಬೇಡ ಅಂದವರು ಇವರೇನಾ ಅಂತ ಕೇಳುವ ಅನಿಸಿತು. ಯಾಕೆ, ನಾನೂ ಅಂದವಳೇ.

ನೀನೂ ಸಂತೋಷ ಪಡು.

ಹಫ್ಸ


ಮೂಡುಬಿದಿರೆ
14-9-2025

ಹಫ್ಸ,

ಸಂತೋಷ ಪಡಬೇಕು ಅಂತ ಎರಡು ಸಲ ನಿನ್ನ ಕಾಗದ ಓದಿದೆ. ಆಗಲಿಲ್ಲ, ಸಿಟ್ಟು ಬಂತು. ಬೇಸರ ಮಾಡಬೇಡ, ಮುಖಕ್ಕೆ ಹೇಳುವವಳು ನಾನು.

ಆಟಿ ತಿಂಗಳಲ್ಲಿ ಹೆಮ್ಮಾರಿ, ಸೋಣ ತಿಂಗಳು ಮುಗಿಯುವಾಗ ಸಹೋದರಿ. ಮಧ್ಯದಲ್ಲಿ ಅವಳು ಮಾಡಿದ್ದು ಎಂತ? ಯಾರ ಹತ್ತಿರವಾದರೂ ತಪ್ಪಾಯಿತು ಅಂತ ಕೇಳಿದಳಾ? ಆ ಬೆಂಕಿ ನಂದಿಸಿದಳಾ? ನೀನು ಬರೆದದ್ದರಲ್ಲಿ ನನಗೆ ಕಂಡದ್ದು ಒಂದು ಸೀರೆ, ಒಂದು ಇಡ್ಲಿ, ಒಂದು ಕೊಳಲು. ಇಷ್ಟಕ್ಕೆ ಮಗಳನ್ನು ವಿಮಾನ ಹತ್ತಿಸ್ತೀಯಾ?

ನಾನು ಬುದ್ಧಿವಂತೆ ಅಂತ ಅಲ್ಲ. ನಿಮಗೆಲ್ಲ ಚಿತ್ರದ ಮೇಲೆ ಚಿತ್ರ ಬಿತ್ತು, ಹಿಂದಿನದು ಅಳಿಸಿ ಹೋಯಿತು. ನನಗೆ ಬೀಳಲಿಲ್ಲ, ಹಾಗಾಗಿ ಹಿಂದಿನದು ಹಾಗೇ ಕೂತಿದೆ. ನಿನ್ನ ಕಾಗದ ಬಂದ ಮೇಲೆ ಯೋಚನೆ ಮಾಡಿದೆ: ನನ್ನ ತಲೆಯಲ್ಲಿರುವುದೂ ಅವಳಲ್ಲ, ನಿನ್ನ ತಲೆಯಲ್ಲಿರುವುದೂ ಅವಳಲ್ಲ. ನಾನು ಎರಡು ತಿಂಗಳು ಹೆದರಿದ್ದು ಡಬಡಬ ಸಂಗೀತಕ್ಕೆ.

ಮೊನ್ನೆ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಆಯಿತು. ಎಲ್ಲ ಜೀವಿಗಳಲ್ಲೂ ಕ್ಷಮೆ ಕೇಳುವ ದಿನ. ಕೈ ಮುಗಿದು ಕೂತರೆ ಅತ್ತಿಗೆ, ನೆರೆಕರೆ, ಇರುವೆ, ಹುಳ ಎಲ್ಲ ಆಗಿ ಕಡೆಗೆ ಆ ಹೆಂಗಸಿನ ಮುಖ ಬಂತು. ಅವಳಿಗೆ ಎಷ್ಟು ಶಾಪ ಹಾಕಿದ್ದೆ! ಇವಳ ಹತ್ತಿರವೂ ಕೇಳಬೇಕಾ, ಬೇಡವಾ? ನನಗೆ ಗೊತ್ತಾಗಲಿಲ್ಲ. ಕೇಳಿಬಿಟ್ಟೆ, ಹೆಚ್ಚಾದರೆ ಹೋಗುವುದೆಂತ.

ನೀನು ಈಗ ಒಂದು ಮಾಡು. ಅವಳು ಒಳ್ಳೆಯವಳಾ ಅಂತ ಫಯಾಝನನ್ನು ಕೇಳಬೇಡ, ಅವನು ಹೆಂಡತಿ ಬರಲಿ ಅಂತ ಹೌದು ಅಂದಾನು. ಎರಡು ವಿಷಯ ಕೇಳು. ಆ ದಿನ ಹಿಂದೆ ಉರಿದದ್ದು ಎಂತದು? ಮತ್ತೆ, ಆ ಊರಿನಲ್ಲಿ ಅವಳನ್ನು ಬೈಯುವವರು ಯಾರಾದರೂ ಉಂಟಾ, ಬೈದರೆ ಅವರಿಗೆ ಎಂತ ಆಗ್ತದೆ? ಅತ್ತೆಯನ್ನು ಸೊಸೆ ಎದುರಿನಲ್ಲಿ ಬೈಯುವ ಮನೆಗೆ ಹೆಣ್ಣು ಕೊಡಬಹುದು. ಎಲ್ಲರೂ ಹೊಗಳುವ ಮನೆಗೆ ಕೊಡುವಾಗ ಎರಡು ಸಲ ನೋಡಬೇಕು.

ನಿನ್ನ
ತ್ರಿಶಲಾ


ಬಂಟ್ವಾಳ
22-9-2025

ತ್ರಿಶಲಾ,

ನಿನ್ನ ಕಾಗದ ಓದಿ ನನಗೂ ಸಿಟ್ಟು ಬಂತು. ಮಗಳು ನಗುತ್ತಾ ಓಡಾಡುವಾಗ ಇವಳದೊಂದು ಅಂತ ಅನಿಸಿತು. ಅಸರ್ ನಮಾಝ್ ಆಗಿ ಕೂತಾಗ ಮಾತ್ರ ಬೇರೆ ಯೋಚನೆ. ಯಾರಾದರೂ ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಿ ಅಂತ ನಮ್ಮ ಕುರ್‌ಆನಿನಲ್ಲೇ ಉಂಟು. ಅದನ್ನು ಹೆಂಗಸರ ಕ್ಲಾಸಿನಲ್ಲಿ ಉಸ್ತಾದರ ಬಾಯಿಂದ ಕೇಳಿ ತಲೆ ಆಡಿಸಿದವಳು ನಾನು. ಕಡೆಗೆ ಅದನ್ನು ನನಗೆ ಮಾಡಲಿಕ್ಕೆ ಹೇಳಿದ್ದು ಮೂಡುಬಿದಿರೆಯ ಜೈನರ ಹೆಂಗಸು!

ಫಯಾಝನಿಗೆ ಫೋನ್ ಮಾಡಿ ಕೇಳಿದೆ. ಬೆಂಕಿ ಅಂದ ಕೂಡಲೇ ಅವನಿಗೆ ನಗು. "ಅತ್ತೆ, ಅದು ಕಬ್ಬಿನ ಗದ್ದೆ! ಕೊಯ್ಲಿಗೆ ಮೊದಲು ಇಲ್ಲಿ ಎಲೆ ಸುಡ್ತಾರೆ, ಪ್ರತಿ ವರ್ಷ. ಅವಳು ಕಬ್ಬಿನವರ ಸಭೆಗೆ ಬಂದಿದ್ದಳು. ಕೈ ಎತ್ತಿದ್ದು ಬ್ಯಾಂಡಿನವರು ನಿಲ್ಲಿಸಲಿ ಅಂತ. ನಾನೂ ಅಲ್ಲಿದ್ದೆ." ನೋಡು ತ್ರಿಶಲಾ, ಶಾಪವೂ ಅಲ್ಲ, ಆಶೀರ್ವಾದವೂ ಅಲ್ಲ. ಬ್ಯಾಂಡಿನವರಿಗೆ "ಸಾಕು ಮಾರಾಯ್ರೇ" ಅಂದದ್ದು.

ಎರಡನೆಯದು ಕೇಳಿದಾಗ ನಗು ನಿಂತಿತು. ಹೋದ ವರ್ಷ ಅವಳು ಅಲ್ಲಿಯ ಒಂದು ಪತ್ರಿಕೆ ಮುಚ್ಚಿಸಿದ್ದು ನಿಜವಂತೆ. ಅದರ ಸಂಪಾದಕ ಕೆಲವು ವಾರ ಜೈಲಿನಲ್ಲಿ ಇದ್ದದ್ದೂ ನಿಜ. ಅದನ್ನು ನಮ್ಮ ಟಿವಿಯವರು ಹೆಮ್ಮಾರಿ ಅನ್ನುವಾಗಲೂ ಹೇಳಲಿಲ್ಲ, ಸಹೋದರಿ ಅನ್ನುವಾಗಲೂ ಹೇಳಲಿಲ್ಲ.

ಇನ್ನು ಬೈಯುವವರು. ಫಯಾಝನ ಮನೆ ಮಾಲಕಿ ಮಾಮಾ ಜೊಆನಾ ಅಂತ ಒಬ್ಬರು ಮುದುಕಿ, ಮಾರ್ಕೆಟಿನಲ್ಲಿ ಮೀನು ಮಾರುವವರು. ಅವರ ತಮ್ಮನ ಮಗ ಆ ಪತ್ರಿಕೆಯಲ್ಲಿ ಕೆಲಸಕ್ಕಿದ್ದದ್ದು. ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿದಲ್ಲಿಂದ ಅಡೆಲಾಳಿಗೆ ಬೈಗುಳ ಸುರುವಂತೆ, ಪೊಲೀಸರ ಎದುರು, ಬಾಯಿ ತುಂಬ. ಪೊಲೀಸರು ಮೀನು ತೆಗೆದುಕೊಂಡು ಚೌಕಾಸಿ ಮಾಡಿ ಹೋಗ್ತಾರಂತೆ. ಮನೆಗೆ ಬಂದು ನಳ್ಳಿ ತಿರುಗಿಸುವಾಗ ಅದೇ ಬಾಯಿಯಲ್ಲಿ, "ದೇವರು ಅವಳನ್ನು ಚೆನ್ನಾಗಿಡಲಿ" ಅಂತಾರೆ. ಅವರ ಮನೆ ಇರುವ ಗುಡ್ಡೆಗೆ ನಳ್ಳಿ ನೀರು ತಂದದ್ದು ಅಡೆಲಾ. ಅದಕ್ಕೆ ಮೊದಲು ಹೆಂಗಸರು ಕೊಡ ಹೊತ್ತು ಕೆಳಗೆ ಇಳಿಯಬೇಕಿತ್ತಂತೆ.

ಮಾಮಾ ಜೊಆನಾಳ ಬಾಯಿ ಕೇಳಿ ನನ್ನ ಎದೆ ತಂಪಾಯಿತು. ಮುದುಕಿ ಅಷ್ಟು ಬೈದು ಮನೆಗೆ ಬಂದು ಗಂಜಿ ಉಣ್ಣುವ ಊರಿನಲ್ಲಿ ನನ್ನ ಮಗಳೂ ಉಂಡಾಳು. ಸಬೀಹಾಳನ್ನು ಕರೆದು ಹೇಳಿದೆ: "ನೀನು ಹೋಗು. ಟಿವಿಯವರು ಅವಳನ್ನು ಅಕ್ಕ ಅಂದದ್ದಕ್ಕೆ ಅಲ್ಲ. ನಾನು ಕೇಳಿ ತಿಳಿದುಕೊಂಡಿದ್ದೇನೆ." ಅವಳು ಎಂತ ಹೇಳಿದಳು ಗೊತ್ತುಂಟಾ? "ಎರಡು ತಿಂಗಳ ಹಿಂದೆ ಕೇಳಿದ್ದರೆ ಆಗುತ್ತಿರಲಿಲ್ಲವಾ ಉಮ್ಮಾ?" ಟೀಚರ್ ಅಲ್ವಾ, ತಪ್ಪಿಗೆ ಕೆಂಪು ಗೀಟು ಹಾಕದೆ ಬಿಡುವುದಿಲ್ಲ.

ನೀನು ಕಳಿಸಿದ ಸಾಂತಾಣಿ ಮುಟ್ಟಿತು. ಹಲಸಿನ ಬೀಜ ಒಣಗಿಸಿದ್ದು ಅಂತ ಆ ದೇಶದ ಏರ್‌ಪೋರ್ಟಿನಲ್ಲಿ ಹೇಗೆ ಅರ್ಥ ಮಾಡಿಸುವುದು ಅಂತ ಅವಳಿಗೆ ಈಗಲೇ ಚಿಂತೆ.

ಹಫ್ಸ


ಮೂಡುಬಿದಿರೆ
5-10-2025

ಹಫ್ಸ,

ಮಗಳು ಮುಟ್ಟಿದಳು ಅಂತ ಇವರ ಫೋನಿಗೆ ನೀನು ಹೇಳಿದ್ದನ್ನು ಇವರು ಬಾಗಿಲಲ್ಲಿ ನಿಂತು ಹೇಳಿದರು. ಅಷ್ಟು ನಿಯಮದ ಒಳಗೇ ಉಂಟು ಅಂತ ನಾನೇ ತೀರ್ಪು ಕೊಟ್ಟುಕೊಂಡೆ. ಬಸದಿಯಲ್ಲಿ ಅವಳ ಹೆಸರಿನಲ್ಲಿ ದೀಪ ಇಟ್ಟಿದ್ದೇನೆ. ಇನ್ನು ನೀನು ಸರಿಯಾಗಿ ನಿದ್ದೆ ಮಾಡು.

ತ್ರಿಶಲಾ


ಬಂಟ್ವಾಳ
28-10-2025

ತ್ರಿಶಲಾ,

ನಿದ್ದೆ ಹೋಯಿತು.

ಅಲ್ಲಿ ಬರುವ ಭಾನುವಾರ ಚುನಾವಣೆ. ಆ ಬಂದರಿನ ಒಪ್ಪಂದ ಬೇಡ ಅಂತ ಅಡೆಲಾ ಕೈಬಿಟ್ಟಳಂತೆ. ಅವತ್ತು ಸಂಜೆಯಿಂದಲೇ ಟಿವಿಯಲ್ಲಿ ಕೊಳಲು ಹೋಗಿ ಡಬಡಬ ಬಂತು. ತಿರುಗಿ ಹೆಮ್ಮಾರಿ. ಸೋತರೂ ಕುರ್ಚಿ ಬಿಡುವುದಿಲ್ಲವಂತೆ, ರಕ್ತದ ಹೊಳೆ ಹರಿಯುತ್ತದಂತೆ, ನಮ್ಮವರೆಲ್ಲ ಅಲ್ಲಿ ಸಿಕ್ಕಿಬಿದ್ದಿದ್ದಾರಂತೆ. ಪುನಃ ಅದೇ ಕಬ್ಬಿನ ಗದ್ದೆ! ಅದು ಕಬ್ಬಿನ ಗದ್ದೆ ಅಂತ ಇವರು ಅಂಗಡಿಯಲ್ಲಿ ಹೇಳಿದ್ದಕ್ಕೆ ಒಬ್ಬ ಗಿರಾಕಿ, "ಪಾಪ, ಮಗಳು ಅಲ್ಲಿದ್ದಾಳಲ್ಲ, ಸಮಾಧಾನಕ್ಕೆ ಹಾಗೆ ಹೇಳ್ತಾರೆ" ಅಂದನಂತೆ.

ಮನೆಗೆ ಸಾವಿನ ಮನೆಗೆ ಬಂದ ಹಾಗೆ ಜನ ಬರ್ತಾರೆ. ಬೀಯಮ್ಮನವರು ಬೆಳ್ತಂಗಡಿಯಿಂದ ಬಂದು ಎರಡು ದಿನ ಕೂತು, "ನೀವು ಅವಸರ ಮಾಡಿ ಕಳಿಸಿದ್ದು" ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಅಲ್ಲಾಹು ನೋಡಿದ್ದಾನೆ, ನಾನು ಎಷ್ಟು ಕಷ್ಟದಲ್ಲಿ ಮುಚ್ಚಿಕೊಂಡೆ ಅಂತ.

ಸಬೀಹಾ ಮೊನ್ನೆ ಫೋನಿನಲ್ಲಿ ನಗುತ್ತಿದ್ದಳು: "ಉಮ್ಮಾ, ಇಲ್ಲಿ ಬ್ಯಾಂಡು ಬಡಿದು ಓಟು ಕೇಳ್ತಾರೆ, ಮಾಮಾ ಜೊಆನಾ ನನಗೆ ಕುಣಿಯಲಿಕ್ಕೆ ಕಲಿಸ್ತಾರೆ." ನಿನ್ನೆಯಿಂದ ಫೋನ್ ಹೋಗುವುದಿಲ್ಲ. ಓಟು ಮುಗಿಯುವವರೆಗೆ ಅಡೆಲಾ ಇಂಟರ್ನೆಟ್ ನಿಲ್ಲಿಸಿದ್ದಾಳಂತೆ. ಇದು ಟಿವಿ ಹೇಳಿದ್ದಲ್ಲ, ಫಯಾಝನೇ ಮುಂಚಿತವಾಗಿ ಹೇಳಿದ್ದ. ಅಂಥ ಕೆಲಸ ಮಾಡುವವಳು ಇನ್ನೂ ಎಂತ ಮಾಡಿಯಾಳು?

ನಾನು ಕೇಳಿ ತಿಳಿದು ಕಳಿಸಿದ್ದು ತ್ರಿಶಲಾ. ಈಗ ನಾನೇ ಹೋಗಿ ಟಿವಿ ಎದುರು ನಿಲ್ತೇನೆ. ಸುಳ್ಳು ಹೇಳ್ತಾರೆ ಅಂತ ಗೊತ್ತು, ಆದರೂ ನಿಲ್ತೇನೆ. ಮಗಳ ಊರಿನ ಹೆಸರು ಬರುವುದು ಅಲ್ಲಿ ಮಾತ್ರ.

ಪ್ರಾರ್ಥನೆ ಮಾಡು.

ಹಫ್ಸ


ಮೂಡುಬಿದಿರೆ
30-10-2025

ಹಫ್ಸ,

ಅಂಚೆಗೆ ಹಾಕಿದರೆ ತಡವಾಗ್ತದೆ ಅಂತ ಇದನ್ನು ಇವರ ಕೈಯಲ್ಲಿ ಕೊಟ್ಟು ಕಳಿಸ್ತಾ ಇದ್ದೇನೆ. ಮೊಬೈಲ್ ಕೈಗೆ ತೆಗೆದುಕೊಂಡಿದ್ದೆ, ನಿಯಮ ಮುರಿದರೆ ಮುರಿಯಲಿ, ನಿನ್ನ ದನಿ ಕೇಳುವ ಅಂತ. ಮತ್ತೆ ಅನಿಸಿತು, ನಾನು ಫೋನ್ ಮಾಡಿದರೆ ನಿನಗೆ ಹೆದರಿಕೆ ಹೇಳುವವರು ಇನ್ನೊಬ್ಬರು ಹೆಚ್ಚಾಗುವುದು, ಅಷ್ಟೆ. ಇಟ್ಟುಬಿಟ್ಟೆ.

ನೀನು ಇಲ್ಲಿಗೆ ಬಾ. ನನಗೆ ಗಡಿ, ನಿನಗಿಲ್ಲವಲ್ಲ. ಇವರ ಜೊತೆಯಲ್ಲೇ ಹೊರಟು ಬಾ. ಭಾನುವಾರ ಕಳೆಯುವವರೆಗೆ ನಮ್ಮ ಮನೆಯಲ್ಲಿ ಟಿವಿಯ ವಯರೇ ಕಿತ್ತಿಡಬೇಕು ಅಂತ ಇವರಿಗೆ ಹೇಳಿದ್ದೇನೆ. "ನಿನ್ನ ನಿಯಮಕ್ಕೆ ನನಗೂ ಉಪವಾಸವಾ?" ಅಂತ ಗೊಣಗಿದರು, ಒಪ್ಪಿದರು. ನಮಾಝಿಗೆ ಪೂರ್ವದ ಕೋಣೆ ಗುಡಿಸಿ ಇಟ್ಟಿದ್ದೇನೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟಕ್ಕೆ ಮುಖ ಹುಳಿ ಮಾಡಬಾರದು.

ತ್ರಿಶಲಾ


ಬಂಟ್ವಾಳ
4-11-2025

ನನ್ನ ತ್ರಿಶಲಾ,

ನಿನ್ನೆ ನಿನ್ನ ಮನೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಲೋಕಯ್ಯಣ್ಣನ ಹೆಂಡತಿ ಜಗಲಿಯಲ್ಲಿ ಕೂತಿದ್ದರು, "ಗೊತ್ತಾಯ್ತಾ?" ಅಂತ. "ನನಗೆ ಎಂತದೂ ಗೊತ್ತಿಲ್ಲ, ನಾನು ಮೂರು ದಿನ ನುಗ್ಗೆಕಾಯಿ ಸಾರು ಉಂಡುಕೊಂಡು ತಸ್ಬೀಹ್ ಮಣಿ ಎಣಿಸಿಕೊಂಡು ಇದ್ದೆ" ಅಂದೆ. ನಿನ್ನ ಮನೆಯಲ್ಲಿ ನಾನು ಹೆದರಲಿಲ್ಲ ಅಂತ ಅಲ್ಲ. ಹೆದರಿಕೆ ನನ್ನದೇ ಅಳತೆಯಲ್ಲಿ ಇತ್ತು, ಹೊರಬಹುದಿತ್ತು.

ಇವತ್ತು ಬೆಳಿಗ್ಗೆ ಸಬೀಹಾಳ ಫೋನ್ ಬಂತು. ಅಲ್ಹಮ್ದುಲಿಲ್ಲಾಹ್, ಇಬ್ಬರೂ ಆರಾಮ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೀತೇನೆ.

ಅಡೆಲಾ ಸೋತಳು, ಸ್ವಲ್ಪದರಲ್ಲಿ. ಲೆಕ್ಕ ಮುಗಿದಾಗ ಊರವರೆಲ್ಲ ಅಧ್ಯಕ್ಷರ ಕಚೇರಿಯ ಎದುರು ಸೇರಿದ್ದರಂತೆ. ಮಿಲಿಟರಿ ಬರ್ತದೋ ಅಂತ ಅಲ್ಲಿಯವರಿಗೂ ಒಳಗಿಂದೊಳಗೆ ಹೆದರಿಕೆ ಇತ್ತಂತೆ, ಅದನ್ನು ಸಬೀಹಾ ಮುಚ್ಚಿಡಲಿಲ್ಲ. ಮಾಮಾ ಜೊಆನಾ ಇವಳ ಕೈ ಹಿಡಿದುಕೊಂಡು ನಿಂತಿದ್ದರು. ಆಗ ಬಾಗಿಲು ತೆರೆಯಿತು. ಬಂದದ್ದು ಅವಳೊಬ್ಬಳೇ. ಅದೇ ಬಿಳಿ ಬಟ್ಟೆ. ಮೆಟ್ಟಿಲಿಳಿದು ಬಂದು ಗೆದ್ದವನ ಕೈ ಹಿಡಿದು ಮೇಲೆತ್ತಿ ಎಲ್ಲರಿಗೂ ತೋರಿಸಿದಳಂತೆ.

ಜನರ ನಡುವೆ ಆ ಸಂಪಾದಕ ಇದ್ದ. ಅವನು ಗಟ್ಟಿಯಾಗಿ ಕೇಳಿದನಂತೆ: "ನಮ್ಮ ಪತ್ರಿಕೆ ಮುಚ್ಚಿಸಿದ್ದು ಸರಿಯಾ?" ಅವಳು ನಿಂತಳು. ಅವನ ಮುಖವನ್ನೇ ನೋಡಿ "ಅಲ್ಲ" ಅಂದಳು. ಅಷ್ಟೇ. ಮತ್ತೆ ನಡೆದುಕೊಂಡೇ ಬೀದಿ ದಾಟಿ ತನ್ನ ಅಪ್ಪನ ಮನೆ ಕಡೆಗೆ ಹೋದಳಂತೆ. ಒಂದು ಕಲ್ಲೂ ಬೀಳಲಿಲ್ಲ.

ಇಷ್ಟು ದಿನ ಬೈದ ಮಾಮಾ ಜೊಆನಾ ಸೆರಗಿನಲ್ಲಿ, ಅಲ್ಲ, ಅಲ್ಲಿ ಸೆರಗು ಎಲ್ಲಿಂದ, ಏಪ್ರನಿನಲ್ಲಿ ಮುಖ ಮುಚ್ಚಿಕೊಂಡು ಅತ್ತರಂತೆ. "ಇನ್ನು ಬೆಳಿಗ್ಗೆ ಎದ್ದು ಯಾರನ್ನು ಬೈಯುವುದು? ಈ ಹೊಸಬನ ಮುಖ ಬೈಯಲಿಕ್ಕೂ ಬರುವುದಿಲ್ಲ" ಅಂತ.

ನಮ್ಮ ಹೆಂಗಸರ ಸಂಘದಲ್ಲಿ ಅಧ್ಯಕ್ಷೆಯ ಕುರ್ಚಿ ಬಿಡಿಸಲಿಕ್ಕೆ ಎಷ್ಟು ಮೀಟಿಂಗ್ ಆಯಿತು ಅಂತ ನಿನಗೆ ಹೇಳಿದ್ದೆನಲ್ಲ. ಅದು ಒಂದು ಪ್ಲಾಸ್ಟಿಕ್ ಕುರ್ಚಿ! ಇವಳು ಒಂದು ದೇಶದ ಕುರ್ಚಿಯಿಂದ ಎದ್ದು, ತನ್ನ ತಪ್ಪನ್ನು ಜನರ ಎದುರು ಹೌದು ಅಂತ ಒಪ್ಪಿ, ನಡೆದುಕೊಂಡು ಮನೆಗೆ ಹೋದಳು. ಮಾಡಿದ್ದು ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಪತ್ರಿಕೆ ಮುಚ್ಚಿಸಿದ್ದು ತಪ್ಪೇ. ನನ್ನ ಮಗಳ ದನಿ ಒಂದು ವಾರ ಕೇಳದ ಹಾಗೆ ಮಾಡಿದ್ದಕ್ಕೆ ಅವಳಿಗೆ ನನ್ನದೂ ಎರಡು ಬೈಗುಳ ಇರಲಿ. ಆದರೆ ಆ ಮೆಟ್ಟಿಲು ಇಳಿದದ್ದು ನೆನೆಸಿದರೆ ಮೈ ಜುಮ್ ಅನ್ನುತ್ತದೆ ತ್ರಿಶಲಾ. ಇವತ್ತಿನ ದುಆದಲ್ಲಿ ನನ್ನ ಮಗಳ ಹೆಸರಿನ ಹಿಂದೆಯೇ ಅವಳ ಹೆಸರನ್ನೂ ಹೇಳಿದೆ.

ಇವರು ಬೆಳಿಗ್ಗೆಯಿಂದ ಅಂಗಡಿಯಲ್ಲಿ ಒಂದೊಂದೇ ಚಾನೆಲ್ ತಿರುಗಿಸಿದರಂತೆ, ಆ ಮೆಟ್ಟಿಲು ತೋರಿಸ್ತಾರಾ ಅಂತ. ಎಲ್ಲದರಲ್ಲೂ ಒಬ್ಬ ಸಿನೆಮಾ ನಟನ ಮದುವೆ. "ಬೆಂಕಿ ಇಲ್ಲದಿದ್ದರೆ ತೋರಿಸುವುದು ಎಂತ?" ಅಂತ ಲೋಕಯ್ಯಣ್ಣ.

ನಾಳೆ ನಿನ್ನ ನಿಯಮ ಮುಗೀತದಲ್ಲ. ಟಿವಿ ಹಾಕಿದರೆ ಅವಳ ಸುದ್ದಿ ಉಂಟಾ ನೋಡಿ ಹೇಳು.

ನಿನ್ನ
ಹಫ್ಸ


ಮೂಡುಬಿದಿರೆ
7-11-2025

ಪ್ರೀತಿಯ ಹಫ್ಸ,

ಫೋನ್ ಕೈಗೆ ಬಂದಿದೆ, ನಿನ್ನೆ ಮಾತಾಡಿಯೂ ಆಯಿತು. ಆದರೂ ಇದೊಂದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅಂತ ಬರೀತಾ ಇದ್ದೇನೆ.

ಹುಣ್ಣಿಮೆಯ ಪೂಜೆ ಮುಗಿಸಿ ಮನೆಗೆ ಬಂದು ಟಿವಿ ಹಾಕಿದೆ. ಮೊದಲಿಗೆ ಕಣ್ಣು ಕುಕ್ಕಿತು. ಎಷ್ಟು ಬೊಬ್ಬೆ, ಎಷ್ಟು ಬಣ್ಣ! ನಾನು ಇದರ ಎದುರು ಕೂತು ಊಟ ಮಾಡುತ್ತಿದ್ದೆನಾ ಅನಿಸಿತು. ಒಂದು ಸಂಜೆ ಪೂರ ಕಾದೆ. ಅವಳ ಸುದ್ದಿ ಇಲ್ಲ. "ಅಡೆಲಾ ಎಲ್ಲಿ?" ಅಂತ ಇವರನ್ನು ಕೇಳಿದೆ. "ಯಾವ ಅಡೆಲಾ?" ಅಂದರು! ವಯರು ಸಿಕ್ಕಿಸಿಕೊಂಡು ನಾಲ್ಕು ತಿಂಗಳು ಅವಳಿಗೆ "ಛೆ ಛೆ" ಹೇಳಿದ ಮನುಷ್ಯ. ನೆನಪು ಮಾಡಿಸಿದ ಮೇಲೆ, "ಓ, ಅವಳಾ? ಅವಳದ್ದು ಹಳೆಯದಾಯಿತು" ಅಂದರು.

ಇವತ್ತು ಬಸದಿಯ ಅಂಗಳದಲ್ಲಿ ನಾವು ಹೆಂಗಸರು ಹೂ ಕಟ್ಟುತ್ತಾ ಕೂತಿದ್ದೆವು. ನಮ್ಮ ಓಣಿಯ ಸಾಧನಾ, ನಿನಗೆ ಗೊತ್ತುಂಟು, ಬಾಯಿ ಜೋರು ಇರುವವಳು, ಎಲ್ಲರ ಎದುರು ಕೇಳಿದಳು: "ತ್ರಿಶಲಕ್ಕಾ, ನಿಮ್ಮ ಬಂಟ್ವಾಳದ ದೋಸ್ತಿಯ ಮಗಳು ಆ ಹೆಮ್ಮಾರಿಯ ಕೈಯಿಂದ ಜೀವಂತ ಬಂದಳಾ?"

ನಾನು ಹೂವಿನ ದಾರ ಕೆಳಗಿಟ್ಟೆ. ಸಬೀಹಾ ಹೇಳಿದ್ದು, ನೀನು ಬರೆದದ್ದು, ಎಲ್ಲ ಹೇಳಿದೆ. ಕಬ್ಬಿನ ಗದ್ದೆ ಹೇಳಿದೆ. ಪತ್ರಿಕೆ ಮುಚ್ಚಿಸಿದ್ದೂ ಹೇಳಿದೆ, ಬಿಡಲಿಲ್ಲ. ಬಾಗಿಲು ತೆರೆದು ಅವಳೊಬ್ಬಳೇ ಬಂದದ್ದು, ಮೆಟ್ಟಿಲು ಇಳಿದದ್ದು, "ಅಲ್ಲ" ಅಂದದ್ದು, ಬೀದಿ ದಾಟಿ ಅಪ್ಪನ ಮನೆಗೆ ನಡೆದದ್ದು. ಎಲ್ಲರ ಕೈ ನಿಂತಿತ್ತು.

ಸಾಧನಾ ಬಿಟ್ಟ ಹೂವನ್ನು ಪುನಃ ಕೈಗೆ ತೆಗೆದುಕೊಂಡು, "ಆದರೆ ಅಕ್ಕಾ, ಇದು ಟಿವಿಯಲ್ಲಿ ಬಂದಿಲ್ಲವಲ್ಲ?" ಅಂದಳು.

"ಬಂದಿಲ್ಲ," ಅಂದೆ. "ಅದಕ್ಕೇ ನಾನು ಹೇಳ್ತಾ ಇರುವುದು."

ನಿನ್ನ
ತ್ರಿಶಲಾ